ಕಿರುಚುವ ಮುಂಚೆ ಏನಾಯ್ತು?

ಗೌರಿಬಿದನೂರಿನ ಸಂಘಮಿತ್ರ ದಿಬ್ಬೂರಹಳ್ಳಿಯ ಸರ್ಕಾರಿ ಶಾಲೆಗೆ ಟೀಚರಾಗಿ ಬಂದು ಹನ್ನೊಂದು ವರ್ಷ. ಮಕ್ಕಳನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಅವಳದು ಎತ್ತಿದ ಕೈ. ಏಳು ವರ್ಷದ ಶ್ರೀವಲ್ಲಿ ಒಂದನೇ ತರಗತಿಗೆ ಸೇರಿದ ಜೂನ್‌ನಲ್ಲಿ ಆ ಹೆಮ್ಮೆ ಮುರಿಯಿತು.

ಶ್ರೀವಲ್ಲಿಗೆ ಆಟಿಸಂ ಇದೆಯೆಂದು ಡಾಕ್ಟರು ಹೇಳಿದ್ದರು. ಮಾತಿಲ್ಲ. ಕರೆದರೆ ತಿರುಗಿಯೂ ನೋಡಳು. ಮಧ್ಯಾಹ್ನವಾದರೆ ಸಾಕು, ಕಿರುಚಿಕೊಂಡು ನೆಲಕ್ಕೆ ಬೀಳುವಳು. ಒಂದು ದಿನ ಸಂಘಮಿತ್ರ ಅವಳ ಎರಡೂ ಕೈ ಹಿಡಿದು ಬಲವಂತವಾಗಿ ಬೆಂಚಿನ ಮೇಲೆ ಕೂರಿಸಿದಳು. ಹುಡುಗಿ ರಕ್ತ ಬರುವಂತೆ ಕಚ್ಚಿಬಿಟ್ಟಳು.

ಸಂಜೆ ಕರೆದೊಯ್ಯಲು ಬಂದ ಅಜ್ಜಿ ಚಿಕ್ಕವೆಂಕಟಮ್ಮ ಆ ಗಾಯ ಕಂಡು ಕಣ್ಣೀರು ಹಾಕಿದಳು. "ನಾಳೆಯಿಂದ ಕಳ್ಸಲ್ಲ ಬಿಡಮ್ಮ. ಹಿಂದಿನ ಸ್ಕೂಲ್ನೋರೂ ಇದಕ್ಕೇ ಬೇಡ ಅಂದ್ರು."

"ಹಂಗನ್ಬೇಡಿ ಅಜ್ಜಿ. ತಪ್ಪು ನಂದು. ಮಗೂನ ಕಳ್ಸಿ," ಎಂದಳು ಸಂಘಮಿತ್ರ. ಮುಂದೇನು ಮಾಡಬೇಕೆಂದು ಮಾತ್ರ ತಿಳಿದಿರಲಿಲ್ಲ.

ವಾರಕ್ಕೊಮ್ಮೆ ಶಿಡ್ಲಘಟ್ಟದಿಂದ ಬರುತ್ತಿದ್ದ ವಿಶೇಷ ಶಿಕ್ಷಕ ಮುನೇಶ್ ಎಲ್ಲವನ್ನೂ ಕೇಳಿಸಿಕೊಂಡ. "ಕಿರುಚಿದ್ಮೇಲೆ ಏನ್ ಮಾಡೋದು ಅಂತ ಆಮೇಲೆ ನೋಡಣ ಮೇಡಂ. ಕಿರುಚೋಕೆ ಮುಂಚೆ ಏನಾಯ್ತು ಅಂತ ದಿನಾ ಬರ್ದಿಡಿ."

ಒಂಬತ್ತು ದಿನ ಬರೆದ ಮೇಲೆ ಗುಟ್ಟು ತಿಳಿಯಿತು. ಅಡುಗೆಯವರು ಸ್ಟೀಲ್ ತಟ್ಟೆಗಳನ್ನು ಸಿಮೆಂಟು ನೆಲಕ್ಕೆ ಸುರಿಯುವ ಹೊತ್ತಿಗೇ ಮಗು ಬೀಳುತ್ತಿತ್ತು. ಮೊಂಡುತನವಲ್ಲ, ಆ ಸದ್ದು ಅದಕ್ಕೆ ತಡೆಯಲಾಗದ ಹಿಂಸೆ. ಸಂಘಮಿತ್ರ ತಟ್ಟೆಗಳ ಕೆಳಗೆ ಗೋಣಿಚೀಲ ಹಾಸಿಸಿದಳು, ಶ್ರೀವಲ್ಲಿಗೆ ಹತ್ತು ನಿಮಿಷ ಮೊದಲೇ ಊಟ ಬಡಿಸಿದಳು. ಮುಂದೇನೆಂದು ಗೊತ್ತಾಗಲೆಂದು ಸ್ಲೇಟು, ತಟ್ಟೆ, ಬ್ಯಾಗಿನ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದಳು. ದಿನಾ ಇದ್ದ ಕಿರುಚಾಟ ವಾರಕ್ಕೊಮ್ಮೆಗೆ ಇಳಿಯಿತು.

ಆದರೆ ಪಾಠ ಹತ್ತಲಿಲ್ಲ. ಪುಸ್ತಕ ಕೊಟ್ಟರೆ ಎಸೆಯುವಳು. ಶಾಲೆಯ ಹೊರಗೆ ಮಗು ಹೇಗಿರುತ್ತದೆಂದು ನೋಡಲು ಆಗಸ್ಟಿನ ಒಂದು ಭಾನುವಾರ ಸಂಘಮಿತ್ರ, ಅಜ್ಜಿ ಕೆಲಸ ಮಾಡುವ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಹೋದಳು. ಅಲ್ಲಿ ಶ್ರೀವಲ್ಲಿ ಕಲೆಯಾದ ಗೂಡುಗಳನ್ನು ಬೇರೆ ಹಾಕಿ, ಬಿಳಿಯವನ್ನು ಹತ್ತತ್ತರ ಸಾಲು ಮಾಡುತ್ತಿದ್ದಳು.

"ಯಾರು ಹೇಳ್ಕೊಟ್ರು?"

"ನನ್ನ ನೋಡ್ಕೊಂಡು ತಾನೇ ಮಾಡ್ತಾಳಮ್ಮ," ಎಂದ ಅಜ್ಜಿ ಮೊಮ್ಮಗಳತ್ತ ತಿರುಗಿ ತೆಲುಗಿನಲ್ಲಿ, "ಚಾಲು, ರಾ ತಲ್ಲಿ," ಎಂದು, ಸಾಕು ಬಾ ತಾಯಿ ಅಂತ ಕರೆದಳು. ಹುಡುಗಿ ತಟ್ಟನೆ ಎದ್ದು ಬಂದಳು.

ಮನೆಮಾತು ತೆಲುಗಿನ ಮಗುವನ್ನು ಇಷ್ಟು ದಿನ ತಾನು ಕನ್ನಡದಲ್ಲೇ ಕೂಗುತ್ತಿದ್ದೆನಲ್ಲ ಎಂದು ಸಂಘಮಿತ್ರ ನಾಚಿದಳು. ಸೋಮವಾರದಿಂದ ಗೂಡುಗಳೇ ಲೆಕ್ಕದ ಪಾಠವಾದವು, ಮಾತು ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ.

ನವೆಂಬರ್ ಒಂದರಂದು ಶಾಲೆಯಲ್ಲಿ ತಮಟೆ ಬಾರಿಸಿದರು. ಸಂಘಮಿತ್ರ ಮಗುವಿಗೆ ಮೊದಲೇ ಹೇಳುವುದನ್ನು ಮರೆತಿದ್ದಳು. ಶ್ರೀವಲ್ಲಿ ಓಡಿಹೋಗಿ ನೀರಿನ ತೊಟ್ಟಿಯ ಹಿಂದೆ ಕಿವಿ ಮುಚ್ಚಿ ಕುಳಿತಳು. ಸಂಘಮಿತ್ರ ಈ ಸಲ ಹಿಡಿಯಲಿಲ್ಲ, ಮಾತಾಡಿಸಲಿಲ್ಲ. ನಾಲ್ಕು ಮಾರು ದೂರದಲ್ಲಿ ಸುಮ್ಮನೆ ಕುಳಿತಳು. ಅರ್ಧ ಗಂಟೆಯ ಮೇಲೆ ಹುಡುಗಿ ಹತ್ತಿರ ಬಂದು, ತೊಟ್ಟಿಯತ್ತ ನೋಡುತ್ತ, "ನೀಳ್ಳು," ಎಂದಳು.

ಅದು ಅವಳ ಮೊದಲ ಮಾತು. ಸಂಘಮಿತ್ರಳಿಗೆ ಕೂಗಿ ಎಲ್ಲರನ್ನೂ ಕರೆಯಬೇಕೆನಿಸಿತು. ಕರೆಯಲಿಲ್ಲ. ಲೋಟದಲ್ಲಿ ನೀರು ತಂದು ಮಗುವಿನ ಮುಂದಿಟ್ಟಳು.

ಶ್ರೀವಲ್ಲಿ ಈಗ ಮೂರನೇ ತರಗತಿ. ಅರವತ್ತರವರೆಗೆ ಎಣಿಸುತ್ತಾಳೆ, ಹದಿನಾಲ್ಕು ಮಾತು ಆಡುತ್ತಾಳೆ. ಕೆಟ್ಟ ದಿನಗಳು ಇನ್ನೂ ಬರುತ್ತವೆ. ಹೋದ ವಾರ ಚಿಂತಾಮಣಿ ಕಡೆಯ ತಾಯಿಯೊಬ್ಬಳು ಶ್ರೀವಲ್ಲಿಯಂಥ ಮಗನನ್ನು ಕರೆತಂದು ಬಾಗಿಲಲ್ಲೇ ನಿಂತಾಗ, ಸಂಘಮಿತ್ರ ಮೊದಲು ಕೇಳಿದ್ದು ಇಷ್ಟೇ: "ಮನೇಲಿ ಯಾವ ಭಾಷೆ ಆಡ್ತೀರಮ್ಮ?"