ಎಲ್ಲದಕ್ಕೂ ಆಗುವ ಒಂದು ತೋಟಾ

ನ್ಯೂಜೆರ್ಸಿಯ ಹ್ಯಾರಿಸನ್ ಸ್ಟೇಷನ್ನಿನಿಂದ ನನ್ನ ಅಪಾರ್ಟ್‌ಮೆಂಟಿಗೆ ನಡೆದು ಬರುವ ದಾರಿಯಲ್ಲಿ ಉಗುರಿಗೆ ಬಣ್ಣ ಹಚ್ಚುವ ಪುಟ್ಟ ಅಂಗಡಿಯೊಂದಿದೆ. ಸಂಜೆ ಆಫೀಸು ಮುಗಿಸಿ ಬರುವಾಗ ಯಾರಾದರೂ ಅದರ ಬಾಗಿಲು ತೆಗೆದರೆ ಸಾಕು, ಅತಿಯಾಗಿ ಹಣ್ಣಾದ ಬಾಳೆಹಣ್ಣಿಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆಯೊಂದು ಹೊರಗೆ ಬರುತ್ತದೆ. ಬೇರೆಯವರು ಮೂಗು ಮುಚ್ಚಿಕೊಂಡು ಬೇಗ ದಾಟಿಹೋಗುತ್ತಾರೆ. ನಾನು ಮಾತ್ರ ಫೋನು ನೋಡುವ ನೆಪ ಮಾಡಿಕೊಂಡು ಅಲ್ಲೇ ಎರಡು ನಿಮಿಷ ನಿಲ್ಲುತ್ತೇನೆ. ಬಂದೂಕಿನ ನಳಿಗೆ ತೊಳೆಯುವ ದ್ರಾವಣಕ್ಕೂ ಹೆಚ್ಚುಕಡಿಮೆ ಇದೇ ವಾಸನೆ. ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಅಪ್ಪ ನೆರೆಮನೆಯವರ ರೈಫಲ್ಲನ್ನು ಒರೆಸುತ್ತಿದ್ದಾಗ, ಅಡುಗೆಮನೆಯ ಒಗ್ಗರಣೆಯ ಜೊತೆಗೆ ಈ ವಾಸನೆಯೂ ಸೇರಿಕೊಂಡು ಮನೆ ತುಂಬುತ್ತಿತ್ತು. ಎರಡೂ ಸೇರಿದ ಆ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ. ಮನೆಯನ್ನು ಮಾರಿ ನಾಲ್ಕು ವರ್ಷವಾಯಿತು.

ನಾವು ಮೈಸೂರಿನಿಂದ ಬಂದಾಗ ನನಗೆ ಒಂಬತ್ತು ವರ್ಷ. ಅಪ್ಪ ಹುಣಸೂರಿನ ಕಡೆಯವರು, ಅವರ ಮನೆತನದಲ್ಲಿ ಮೊದಲು ಇಂಜಿನಿಯರಿಂಗ್ ಓದಿದವರು, ಇಲ್ಲಿ ಪಂಪುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ನನ್ನ ಕನ್ನಡ ಉಳಿದದ್ದು ಅಮ್ಮನ ಹಟದಿಂದ. ವಾರಕ್ಕೊಂದು ಕಾಗದ ಅಜ್ಜಿಗೆ ಬರೆಯದಿದ್ದರೆ ಟಿವಿ ಹಾಕುವಂತಿರಲಿಲ್ಲ. ಆ ಕಾಗದಗಳಲ್ಲಿ ನಾನು ಹೆಚ್ಚಾಗಿ ಬರೆಯುತ್ತಿದ್ದದ್ದು ನೆರೆಮನೆಯ ವಾಲ್ಟರ್ ಬಗ್ಗೆ. ಹೆಂಡತಿ ತೀರಿಕೊಂಡಿದ್ದ, ಕೆಲಸದಿಂದ ನಿವೃತ್ತನಾಗಿದ್ದ ದೊಡ್ಡ ಮೈಯ ಬಿಳಿಯ ಆತ. ಪ್ರತಿ ನವೆಂಬರಿನಲ್ಲಿ ನ್ಯೂಯಾರ್ಕಿನ ಬೆಟ್ಟಗಳಿಗೆ ಹೋಗಿ ಜಿಂಕೆ ಹೊಡೆದು ತರುತ್ತಿದ್ದ. ಅದರಲ್ಲಿ ಒಂದು ಪಾಲು ನಮಗೆ. ಸೋಮವಾರ, ಶನಿವಾರ ಬಿಟ್ಟು ಬೇರೆ ದಿನ ನೋಡಿ ಅಮ್ಮ ಅದಕ್ಕೆ ಕೊತ್ತಂಬರಿ, ಕಾಯಿ, ಚಕ್ಕೆ ಲವಂಗ ರುಬ್ಬಿ ಸಾರು ಮಾಡುತ್ತಿದ್ದಳು. ಕಿಟಕಿಗಳನ್ನೆಲ್ಲ ತೆರೆದು, ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು, ಬಿಸಿ ಮುದ್ದೆಯನ್ನು ಆ ಸಾರಿಗೆ ಅದ್ದಿ ನುಂಗುತ್ತಿದ್ದೆವು. ವಾಲ್ಟರ್ ಕೂಡ ನಮ್ಮ ಜೊತೆಗೆ ಕೂತು, ನುಂಗು ಎಂದರೂ ಕೇಳದೆ ಮುದ್ದೆಯನ್ನು ಜಗಿಯುತ್ತಿದ್ದ. ಆ ಮೇಜಿನ ಮೇಲೆಯೇ ಅಪ್ಪನಿಗೆ ಬೇಟೆಯ ಹುಚ್ಚು ಹತ್ತಿದ್ದು.

ಹತ್ತಿದ್ದು ಎನ್ನುವುದಕ್ಕಿಂತ ಮರಳಿ ಬಂದದ್ದು ಎನ್ನಬೇಕು. ನಮ್ಮ ತಾತನ ಹತ್ತಿರ ಒಂದು ಕೇಪಿನ ಕೋವಿ ಇತ್ತಂತೆ. ಮೊಲಕ್ಕೂ ಅದೇ, ಹಂದಿಗೂ ಅದೇ, ಮದುವೆ ಮನೆಯಲ್ಲಿ ಸದ್ದು ಮಾಡುವುದಕ್ಕೂ ಅದೇ. ಮದ್ದನ್ನು ಅಂಗೈಯಲ್ಲಿ ಅಳೆದು ಹೆಚ್ಚುಕಡಿಮೆ ಮಾಡಿದರೆ ಆಯಿತು. ಎಂಟು ವರ್ಷದ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ತಾತ ಹೊಲದಂಚಿಗೆ ಹೋಗುತ್ತಿದ್ದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತಾನೂ ತನ್ನ ಮಗಳನ್ನು ಹಾಗೆ ಒಮ್ಮೆ ಕಾಡಿಗೆ ಕರೆದುಕೊಂಡು ಹೋಗಬೇಕು ಎನ್ನುವುದು ಅಪ್ಪನ ಆಸೆ. ಅಮ್ಮ ಮೊದಲು ಕೂಗಾಡಿದಳು, ಆಮೇಲೆ ಒಂದು ಷರತ್ತು ಹಾಕಿದಳು. "ನೋಡಿ, ಒಂದೇ ಒಂದು ಬಂದೂಕು. ವಾಲ್ಟರ್ ಥರ ಮನೆ ತುಂಬಾ ಜೋಡಿಸಿದ್ರೆ ನಾನು ಮೊದಲನೇ ಫ್ಲೈಟಲ್ಲಿ ಮೈಸೂರಿಗೆ ಹೊರಟೆ ಅಂತ್ಲೇ ತಿಳ್ಕೊಳಿ." ಅಪ್ಪ ತಕ್ಷಣ ಒಪ್ಪಿಕೊಂಡರು. ಒಂದೇ ಬಂದೂಕು ಎಂದರೆ ಒಂದೇ ಬಗೆಯ ತೋಟಾ, ಅದರ ಅಳತೆ ಬಿಟ್ಟು ಇನ್ನೊಂದು ಅದರೊಳಗೆ ಹೋಗುವುದಿಲ್ಲ ಎನ್ನುವುದು ಅವರಿಗೆ ಹೊಳೆದದ್ದು ಆಮೇಲೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ತೋಟಾ ಪುರಾಣ. ನ್ಯೂಜೆರ್ಸಿಯಲ್ಲಿ ಜಿಂಕೆಗೆ ರೈಫಲ್ ಹಿಡಿಯುವ ಹಾಗಿಲ್ಲ, ಗಡಿ ದಾಟಿ ನ್ಯೂಯಾರ್ಕಿಗೇ ಹೋಗಬೇಕು. ಅಲ್ಲಿ ಆಗ ಹದಿನಾರು ತುಂಬದ ಮಕ್ಕಳಿಗೆ ಅವಕಾಶವಿರಲಿಲ್ಲ. ನನಗೆ ಹದಿಮೂರು. ಅಂದರೆ ಆರಿಸುವುದಕ್ಕೆ ಮೂರು ವರ್ಷ ಸಮಯವಿತ್ತು, ಮತ್ತು ಅಪ್ಪ ಆ ಮೂರು ವರ್ಷದಲ್ಲಿ ಒಂದು ದಿನವನ್ನೂ ವ್ಯರ್ಥ ಮಾಡಲಿಲ್ಲ. ಗ್ರಾಫ್ ಹಾಳೆಗಳಲ್ಲಿ ಗುಂಡಿನ ತೂಕ, ವೇಗ, ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಎಂದು ನಾಲ್ಕು ಬಗೆಯ ತೋಟಾಗಳಿಗೆ ನಾಲ್ಕು ಬಣ್ಣದ ಗೆರೆಗಳನ್ನು ಎಳೆದು ಫ್ರಿಜ್ಜಿನ ಮೇಲೆ ಅಂಟಿಸಿದರು. ನನ್ನ ರಿಪೋರ್ಟ್ ಕಾರ್ಡಿಗೆ ಆ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಜಿಂಕೆಗೆ ಆಗಬೇಕು, ಕರಡಿ ಎದುರಾದರೆ ಅದಕ್ಕೂ ಆಗಬೇಕು, ಮುಂದೆ ಎಂದಾದರೂ ಕೊಲರಾಡೋ ಕಡೆಗೆ ಹೋದರೆ ಕಡವೆಗಿಂತ ದೊಡ್ಡದಾದ ಎಲ್ಕ್‌ಗೂ ಸಾಲದೆ ಬರಬಾರದು. ಟೂ ಸೆವೆಂಟಿ ಎಂಬ ತೋಟಾ ಬಲು ನೇರವಾಗಿ ಹೋಗುತ್ತದೆ, ಆದರೆ ಗುಂಡು ಹಗುರ. ಮ್ಯಾಗ್ನಮ್ ಆನೆಯನ್ನೂ ನಿಲ್ಲಿಸೀತು, ಆದರೆ ಹೊಡೆದವನನ್ನೂ ಮಲಗಿಸೀತು. ಅಪ್ಪನ ಮನಸ್ಸು ನಿಂತದ್ದು ತರ್ಟಿ ಆಟ್ ಸಿಕ್ಸ್ ಮೇಲೆ. ಹಗುರ ಗುಂಡಿನಿಂದ ಭಾರದ ಗುಂಡಿನವರೆಗೆ ಎಲ್ಲವೂ ಅದರಲ್ಲಿ ಸಿಗುತ್ತಿತ್ತು. ತಾತ ಅಂಗೈಯಲ್ಲಿ ಮದ್ದು ಅಳೆದ ಹಾಗೆಯೇ ಇದೂ ಎಂದು ಅವರಿಗೆ ಅನಿಸಿತ್ತೋ ಏನೋ.

ವಾಲ್ಟರ್ ಹತ್ತಿರ ಅಂಥದೊಂದು ಇತ್ತು. ಒಂದು ಶನಿವಾರ ನಮ್ಮಿಬ್ಬರನ್ನೂ ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದ. ಅಪ್ಪ ಐದು ಗುಂಡು ಹೊಡೆದು ಮದುವೆ ಗಂಡಿನ ಹಾಗೆ ಬೀಗಿದರು. ನಾನು ಹೊಡೆದದ್ದು ಮೂರು. ಮೊದಲನೆಯದಕ್ಕೆ ಭುಜಕ್ಕೆ ಯಾರೋ ಒದ್ದ ಹಾಗಾಯಿತು, ಮೂರನೆಯದಕ್ಕೆ ಗುಂಡು ಸಿಡಿಯುವ ಮೊದಲೇ ಕಣ್ಣು ಮುಚ್ಚಿಕೊಂಡೆ. ಮನೆಗೆ ಬಂದು ಅಮ್ಮ ನನ್ನ ಟೀ ಶರ್ಟಿನ ಕತ್ತು ಸರಿಸಿ ನೋಡಿದರೆ ನೇರಳೆ ಹಣ್ಣಿನ ಬಣ್ಣದ ಗಾಯ. ಅರಿಶಿನ ಹಚ್ಚುತ್ತಾ ಅವಳು ಅಪ್ಪನ ಮುಖವನ್ನು ಒಮ್ಮೆ ನೋಡಿದಳು ಅಷ್ಟೆ. "ಇಟ್ಸ್ ಫೈನ್ ಅಪ್ಪ, ರಿಯಲಿ," ಎಂದೆ ನಾನು. ಅಪ್ಪ ಫ್ರಿಜ್ಜಿನ ಹತ್ತಿರ ಹೋಗಿ, ಎರಡು ವರ್ಷ ಪ್ರೀತಿಸಿದ ತರ್ಟಿ ಆಟ್ ಸಿಕ್ಸ್‌ನ ಕೆಂಪು ಗೆರೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿದರು.

ಕೊನೆಗೆ ತಂದದ್ದು ತ್ರೀ ಓ ಎಯ್ಟ್ ತೋಟಾದ ರೈಫಲ್. ಅದೂ ಚಿಕ್ಕದೇನಲ್ಲ, ಆದರೆ ಅಷ್ಟು ಒದೆಯುವುದಿಲ್ಲ. ಮರದ ಹಿಡಿಯನ್ನು ನನ್ನ ತೋಳಿನ ಅಳತೆಗೆ ಕೊಯ್ಯಿಸಿ ತಂದರು. ಅಪ್ಪ ಅದನ್ನು ಭುಜಕ್ಕೆ ಇಟ್ಟರೆ ತಮ್ಮನ ಅಂಗಿ ಹಾಕಿಕೊಂಡ ಅಣ್ಣನ ಹಾಗೆ ಕಾಣುತ್ತಿದ್ದರು. "ಎಲ್ಕ್‌ಗೆ ಸ್ವಲ್ಪ ಕಮ್ಮಿ ಬೀಳಬಹುದು," ಎಂದ ವಾಲ್ಟರ್. ಅಪ್ಪ ಇಂಗ್ಲಿಷಿನಲ್ಲಿ ಅವನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎಲ್ಕ್ ನನ್ನ ಜೊತೆ ಬರೋಲ್ಲ ವಾಲ್ಟರ್, ಇವಳು ಬರ್ತಾಳೆ. ಬೇಸಿಗೆಯಿಡೀ ಮೈದಾನಕ್ಕೆ ಹೋಗಿ ಗುರಿ ಹೊಂದಿಸಿದೆವು. ರೈಫಲ್ ಮೇಲೆ ಕೂರಿಸಿದ ದುರ್ಬೀನಿನ ತಲೆಯ ಮೇಲೆ ಪುಟ್ಟದೊಂದು ಮುಚ್ಚಳ, ಅದರ ಕೆಳಗೆ ಗುರಿಯನ್ನು ಮೇಲೆ ಕೆಳಗೆ ಮಾಡುವ ತಿರುಗುಗುಂಡಿ. ಎಲ್ಲ ಸರಿಯಾದ ದಿನ ಅಪ್ಪ ಅಮ್ಮನ ನೇಲ್ ಪಾಲಿಶ್ ಬೇಡಿ ತಂದು, ಗುಂಡಿ ಕದಲಿದರೆ ಗೊತ್ತಾಗಲಿ ಎಂದು ಆ ಗುಂಡಿಗೂ ಅದರ ಬುಡಕ್ಕೂ ಸೇರುವ ಹಾಗೆ ಒಂದು ಕೆಂಪು ಗೆರೆ ಎಳೆದರು.

ನನಗೆ ಹದಿನಾರು ತುಂಬಿದ ಶರತ್ಕಾಲದಲ್ಲಿ ಆಯುಧ ಪೂಜೆ ಬಂತು. ನಿಮ್ಮ ಮನೆಗಳಲ್ಲೂ ನಡೆದಿರುತ್ತದೆ. ಗ್ಯಾರೇಜಿನಲ್ಲಿ ಎರಡು ಕಾರು, ಹುಲ್ಲು ಕತ್ತರಿಸುವ ಮೆಷೀನು, ಅಮ್ಮನ ಮಿಕ್ಸಿ, ಅಪ್ಪನ ಕಂಪ್ಯೂಟರು, ಎಲ್ಲದರ ಮುಂದೆ ಮಣೆ ಹಾಕಿ ಮಲಗಿಸಿದ ರೈಫಲ್. ಅಮ್ಮ ಒಂದಿಷ್ಟೂ ಜಿಪುಣತನ ಮಾಡಲಿಲ್ಲ. ಅರಿಶಿನ, ಕುಂಕುಮ, ಗಂಧ, ಸೇವಂತಿಗೆ ಹೂವು. ವಾಲ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ತನ್ನ ಹುಲ್ಲಿನ ಮೆಷೀನನ್ನೂ ತರಲೇ ಎಂದು ಕೇಳಿದ, ತಂದ, ಅದಕ್ಕೂ ಕುಂಕುಮ ಬಿತ್ತು. ಪೂಜೆಯಾದ ಮೇಲೆ ಮೈದಾನದಲ್ಲಿ ಹೊಡೆಯುವುದಿಲ್ಲ, ಮೊದಲ ಗುಂಡು ಕಾಡಿನಲ್ಲೇ ಎಂದು ಅಪ್ಪ ಮನಸ್ಸು ಮಾಡಿಬಿಟ್ಟಿದ್ದರು. ತಾತ ಹಾಗೆ ಮಾಡುತ್ತಿದ್ದರಂತೆ. ಮರುದಿನ ನನ್ನನ್ನು ಕರೆದು, "ಒಣ ಬಟ್ಟೇಲಿ ಒರೆಸಿಡು ಮಗ," ಎಂದು ರೈಫಲ್ ಕೊಟ್ಟರು. ಒರೆಸಿದೆ. ಮುಚ್ಚಳದ ಸುತ್ತಿನಲ್ಲಿ ಕುಂಕುಮ ಸೇರಿಕೊಂಡಿತ್ತು, ಅದನ್ನು ತಿರುಗಿಸಿ ತೆಗೆದೆ. ಗುಂಡಿಯ ಗೀರುಗಳಲ್ಲೂ ಕುಂಕುಮ. ಹತ್ತಿಕಡ್ಡಿ ಇಟ್ಟು ಸುತ್ತಲೂ ಒರೆಸುತ್ತಾ ಗುಂಡಿಯನ್ನು ತಿರುಗಿಸಿದರೆ ಅದು ಟಿಕ್ ಟಿಕ್ ಎಂದಿತು. ಆ ಸದ್ದು ನನಗೆ ಇಷ್ಟವಾಯಿತು. ಅರ್ಧ ಸುತ್ತು ತಿರುಗಿಸಿರಬೇಕು. ಆಗಲೇ ಫೋನ್ ಬಂತು, ಗೆಳತಿ. ಮುಚ್ಚಳ ಹಾಕಿ ಓಡಿದೆ.

ನವೆಂಬರಿನ ಆ ಬೆಳಿಗ್ಗೆ ಕಾಡಿನಲ್ಲಿ ಒಣ ಎಲೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ವಾಲ್ಟರ್ ಗುಡ್ಡದ ಆ ಬದಿಗೆ ಹೋಗಿದ್ದ. ನಾವಿಬ್ಬರು ಬಿದ್ದ ಮರದ ಹಿಂದೆ ಒಂದೇ ರಗ್ಗು ಹೊದ್ದು ಕೂತಿದ್ದೆವು. ಫ್ಲಾಸ್ಕಿನ ಕಾಫಿಯನ್ನು ಅಪ್ಪ ಮುಚ್ಚಳದಲ್ಲಿ ಬಗ್ಗಿಸಿ ನನಗೆ ಮೊದಲು ಕೊಟ್ಟರು. ಅಷ್ಟು ಹೊತ್ತು ಅವರಿಗೆ ಅಷ್ಟು ಹತ್ತಿರ ನಾನು ಮತ್ತೆಂದೂ ಕೂತಿಲ್ಲ. ಬಿಸಿಲು ಬಂದ ಮೇಲೆ ಕೆಳಗಿನ ತೊರೆಯ ದಾಟಿನಲ್ಲಿ ಕೊಂಬಿನ ಜಿಂಕೆಯೊಂದು ಬಂದು ಅಡ್ಡಲಾಗಿ ನಿಂತಿತು. ಅಪ್ಪ ರೈಫಲ್ಲನ್ನು ನನ್ನ ಕಡೆಗೆ ಸರಿಸಿದರು. ನಾನು ಬೇಡವೆಂದು ತಲೆಯಾಡಿಸಿ, "ಯೂ ಟೇಕ್ ಇಟ್, ಅಪ್ಪ," ಎಂದು ಪಿಸುಗುಟ್ಟಿದೆ. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಗುಂಡು ಹಾರಿತು, ಜಿಂಕೆ ಬಿಳಿ ಬಾಲ ಎತ್ತಿ ಒಂದೇ ನೆಗೆತಕ್ಕೆ ಮಾಯವಾಯಿತು.

ಅಪ್ಪ ಬಂದೂಕಿನಿಂದ ತೋಟಾಗಳನ್ನು ತೆಗೆದು ಅದನ್ನು ನನ್ನ ಮಡಿಲಿಗೆ ಕೊಟ್ಟು ರಕ್ತದ ಗುರುತು ಹುಡುಕಲು ಇಳಿದರು. ಆಗ ನನಗೆ ಆ ಟಿಕ್ ಟಿಕ್ ನೆನಪಾಯಿತು. ಮುಚ್ಚಳ ತೆಗೆದೆ. ಕೆಂಪು ಗೆರೆ ಎರಡಾಗಿ, ಒಂದು ತುಂಡು ಈ ಕಡೆ, ಇನ್ನೊಂದು ಹಿಂಬದಿಯಲ್ಲಿ. ಕೂಗಿ ಹೇಳಬಹುದಿತ್ತು. ಅಪ್ಪ ಐವತ್ತು ಹೆಜ್ಜೆ ದೂರದಲ್ಲಿ ಬಗ್ಗಿ ಒಂದೊಂದೇ ಎಲೆ ಎತ್ತಿ ನೋಡುತ್ತಿದ್ದರು. ನಾನು ಭಯದಿಂದ ಗುಂಡಿಯನ್ನು ತಿರುಗಿಸಿ ಗೆರೆಗೆ ಗೆರೆ ಕೂಡಿಸಿ ಮುಚ್ಚಳ ಹಾಕಿಬಿಟ್ಟೆ. ಮಾಡಿದ್ದು ಇಷ್ಟೇ. ಮೊದಲನೆಯದು ಹುಡುಗಾಟ, ಎರಡನೆಯದಕ್ಕೆ ಆ ಹೆಸರು ಕೊಡಲಾರೆ.

ವಾಲ್ಟರ್ ಬಂದು ನೋಡಿದ. ರಕ್ತವಿಲ್ಲ, ಕೂದಲಿಲ್ಲ, ತಪ್ಪಿಹೋಗಿದೆ, ಎಲ್ಲರಿಗೂ ಆಗುತ್ತದೆ ಎಂದ. ಅಪ್ಪ ಒಪ್ಪಲಿಲ್ಲ. ಸಂಜೆಯವರೆಗೂ ಇಡೀ ತೊರೆಯ ಗುಂಟ ಹುಡುಕಿದರು. ಮುಂದಿನ ವಾರ ಮೈದಾನಕ್ಕೆ ಹೋಗಿ ಹೊಡೆದು ನೋಡಿದರೆ ಮೂರಕ್ಕೆ ಮೂರೂ ನಡುವಿಗೇ ಬಿದ್ದವು. ಅವರು ಇಂಜಿನಿಯರು. ದುರ್ಬೀನು ಸರಿಯಿದೆ, ಕೈ ಸರಿಯಿತ್ತು, ಹಾಗಾದರೆ ಗುಂಡು ತಗುಲಿಯೇ ಇದೆ. ತಗುಲಿಯೂ ಬೀಳಲಿಲ್ಲವೆಂದರೆ ತೋಟಾ ಸಾಲಲಿಲ್ಲ. ಊಟದ ಮೇಜಿನ ಮುಂದೆ ಕೂತು ಅಮ್ಮನಿಗೆ ಅದನ್ನು ಹೀಗೆ ಹಂತಹಂತವಾಗಿ ವಿವರಿಸಿದರು. ನಾನು ಎದುರಿಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. "ಪಾಪ, ಎಲ್ಲಿ ಬಿದ್ದು ನರಳ್ತಿದೆಯೋ," ಎಂದರು. ಆ ಚಳಿಗಾಲ ಫ್ರಿಜ್ಜಿನ ಮೇಲಿನ ಹಾಳೆಗಳು ಇಳಿದವು, ವಸಂತಕ್ಕೆ ರೈಫಲ್ ಅಂಗಡಿಗೆ ವಾಪಸ್ಸು ಹೋಯಿತು. ಅಪ್ಪ ಮತ್ತೆ ಬೇಟೆಗೆ ಹೋಗಲಿಲ್ಲ. ವಾಲ್ಟರ್ ಕಳಿಸುತ್ತಿದ್ದ ಮಾಂಸವನ್ನು ಅಮ್ಮ ಎಂದಿನಂತೆ ಬೇಯಿಸುತ್ತಿದ್ದಳು, ಅಪ್ಪ ಬರೀ ಸಾರು ಬಡಿಸಿಕೊಳ್ಳುತ್ತಿದ್ದರು.

ವಾಲ್ಟರ್ ಹೋದ, ಆಮೇಲೆ ಅಮ್ಮ ಹೋದಳು. ಅಪ್ಪನ ಕೊನೆಯ ತಿಂಗಳುಗಳಲ್ಲಿ ಊಟದ ಮೇಜನ್ನು ಗೋಡೆಗೆ ಸರಿಸಿ ಆ ಜಾಗದಲ್ಲಿ ಅವರ ಹಾಸಿಗೆ ಹಾಕಿದ್ದೆ. ಅಷ್ಟು ವರ್ಷಗಳಲ್ಲಿ ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೆದರಿಕೆ ಯಾವಾಗಲೋ ಹೋಗಿತ್ತು. ಹೇಳದೆ ಇದ್ದು ಇದ್ದು ಅದೇ ಅಭ್ಯಾಸವಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ಅಪ್ಪ ಇದ್ದಕ್ಕಿದ್ದಂತೆ, "ಆ ಜಿಂಕೆ, ಮಗ," ಎಂದರು.

"ಯಾವುದಪ್ಪ?" ಎಂದೆ, ಗೊತ್ತಿದ್ದೂ.

"ತೊರೆ ಹತ್ರ ನಿಂತಿತ್ತಲ್ಲ. ದೊಡ್ಡ ತೋಟಾನೇ ತಗೋಬೇಕಿತ್ತು ನಾನು. ನಿನ್ ಭುಜ ನೋಡ್ಕೊಂಡು ಚಿಕ್ಕದು ತಗೊಂಡೆ." ಸ್ವಲ್ಪ ಉಸಿರು ಎಳೆದುಕೊಂಡರು. ನನ್ನ ಮುಖದಲ್ಲಿ ಏನು ಕಂಡಿತೋ, ಒಣಗಿದ ಕೈಯನ್ನು ನನ್ನ ಮೊಣಕೈ ಮೇಲೆ ಇಟ್ಟರು. "ಅಳಬೇಡ. ನಿಂದೇನೂ ತಪ್ಪಿಲ್ಲ, ಬಿಡು."

ನಾನು ರಗ್ಗನ್ನು ಸರಿಮಾಡಿದೆ. ಅವರು ಕಣ್ಣು ಮುಚ್ಚಿದರು. ನಿದ್ದೆ ಹತ್ತಿದೆ ಎಂದುಕೊಂಡು ಎದ್ದುಹೋಗಿ ಲೋಟ ತೊಳೆದೆ. ಅದಾಗಿ ಹದಿಮೂರು ದಿನ ಇದ್ದರು, ಎಚ್ಚರವಾಗಿಯೇ ಇದ್ದರು.

ಆ ಜಿಂಕೆಗೆ ಏನೂ ಆಗಲಿಲ್ಲ ಅಪ್ಪ. ಗುಂಡು ಅದರ ಬೆನ್ನಿನ ಮೇಲೆ ಗಾಳಿಯಲ್ಲಿ ಹೋಯಿತು. ನೀವು ಆರಿಸಿದ್ದು ಸರಿಯಾಗಿತ್ತು.