ನನ್ನ ಪಾಲಿನ ರಿಫಂಡ್

ನಮ್ಮಿಬ್ಬರಿಗೂ ಅದು ಎರಡನೇ ಮದುವೆ. ನಾನು ಮೈಸೂರಿನವನು, ದೇಶ ಬಿಟ್ಟು ಬಂದು ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನದ ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸ. ನನ್ನ ಹೆಂಡತಿ ಧಾರವಾಡದ ಕಡೆಯವಳು, ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಅವಳ ಹತ್ತು ವರ್ಷದ ಮಗಳು ಕಾರಿನಲ್ಲಿ ಐದು ಗಂಟೆ ದಾರಿಯ ನೋವೈ ಊರಿನಲ್ಲಿ ತನ್ನ ತಂದೆಯ ಜೊತೆ ಇದ್ದಳು. ಕೋರ್ಟಿನ ಆದೇಶದಂತೆ ಮಗುವಿನ ಖರ್ಚಿಗೆ ಇವಳು ತಿಂಗಳು ತಿಂಗಳೂ ಹಣ ಕಟ್ಟಬೇಕಿತ್ತು. ತಿಂಗಳಿಗೊಂದು ಶನಿವಾರ ನಾವಿಬ್ಬರೂ ಬೆಳಗಿನ ಐದಕ್ಕೇ ಹೊರಟು, ಮಗಳ ಜೊತೆ ಮಧ್ಯಾಹ್ನ ಕಳೆದು, ಅಂದೇ ಹಿಂತಿರುಗುತ್ತಿದ್ದೆವು.

ಮದುವೆಯ ನಂತರ ಮೊದಲ ಸಲ ಜಂಟಿಯಾಗಿ ಟ್ಯಾಕ್ಸ್ ರಿಟರ್ನ್ ಹಾಕಿದ್ದೆವು. ರಿಫಂಡ್ ಬದಲು ತೆರಿಗೆ ಇಲಾಖೆಯಿಂದ ಒಂದು ಕಾಗದ ಬಂತು. ಮಗುವಿನ ಖರ್ಚಿಗೆ ಇವಳು ಕಟ್ಟದೆ ಉಳಿದ ಬಾಕಿಗೆಂದು ಇಬ್ಬರ ಹಣವನ್ನೂ ಹಿಡಿದುಕೊಂಡಿದ್ದರು.

"ನಿಮಗ ಹೇಳಬೇಕಾಗಿತ್ತು," ಎಂದಳು. "ಹಿಂದ ಕೆಲಸ ಹೋದಾಗ ಎಂಟು ತಿಂಗಳು ಕಟ್ಟಲಿಕ್ಕೆ ಆಗಿರಲಿಲ್ಲ. ಸ್ವಲ್ಪ ಸ್ವಲ್ಪ ತೀರಸ್ತಿದ್ದೆ. ಎಂಥಾ ತಾಯಿ ಇಕಿ ಅಂತ ತಿಳಕೋತೀರಿ ಅಂತ ಹೇಳಲಿಲ್ರಿ."

ನನಗೆ ಸಿಟ್ಟು ಬಂದಿತ್ತು. ಅವಳ ಮುಖ ನೋಡಿದ ಮೇಲೆ ಬೈಯಲಾಗಲಿಲ್ಲ. ಟೀ ಮಾಡಿ ತಂದುಕೊಟ್ಟೆ.

ವೆಸ್ಟ್‌ಮಂಟ್‌ನಲ್ಲಿ ಟ್ಯಾಕ್ಸ್ ವಿಷಯ ತಿಳಿದ ಅಂಕಲ್ ಒಬ್ಬರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದೆ.

"ಬಾಕಿ ನಿನ್ನದಲ್ಲವಲ್ಲಪ್ಪ. ನಿನ್ನ ಪಾಲನ್ನ ವಾಪಸ್ ಕೇಳಬಹುದು. ಗಂಡ ಅಥವಾ ಹೆಂಡತಿಯ ಬಾಕಿಗೆ ತಮ್ಮ ಹಣ ಕಳೆದುಕೊಂಡವರಿಗೆ ಇಂಜರ್ಡ್ ಸ್ಪೌಸ್ ಅಂತ ಒಂದು ಫಾರ್ಮ್ ಇದೆ, ಫೈಲ್ ಮಾಡು," ಎಂದರು.

ಫೋನ್ ಇಟ್ಟ ಮೇಲೆ ಅವಳು ಕೇಳಿದಳು: "ಇಂಜರ್ಡ್ ಅಂದ್ರ, ನಾ ನಿಮಗ ಗಾಯ ಮಾಡೀನಿ ಅಂತನಾ?"

"ಬೇಡ ಬಿಡು, ನಾನು ಫೈಲ್ ಮಾಡಲ್ಲ. ಹೋಗಿದ್ದು ಮಗುವಿಗೆ ತಾನೆ."

"ನನ್ನ ಪಾಲು ಅಕಿಗೆ ಹೋತು, ಛಲೋನ ಆತು. ನಿಮ್ಮದು ನಿಮಗ ಬರಬೇಕು. ಉಳಿದ ಬಾಕಿ ನಾನ ತೀರಸ್ತೀನಿ. ಫಾರ್ಮ್ ನಾ ತುಂಬತೀನಿ, ನೀವು ಸಹಿ ಮಾಡ್ರಿ."

ಭಾನುವಾರ ಊಟದ ಮೇಜಿನ ಮೇಲೆ ಇಬ್ಬರ ಸಂಬಳದ ಕಾಗದಗಳನ್ನು ಹರಡಿಕೊಂಡು ಕೂತೆವು. ನನ್ನ ದುಡಿಮೆ, ನನ್ನಿಂದ ಹಿಡಿದ ತೆರಿಗೆ ಒಂದು ಕಡೆ. ಅವಳದು ಇನ್ನೊಂದು ಕಡೆ. ಲ್ಯಾಬಿನಲ್ಲಿ ರಕ್ತದ ಶೀಷೆಗಳ ಮೇಲೆ ಬರೆಯುವಷ್ಟೇ ಒಪ್ಪವಾಗಿ ಅಂಕಿಗಳನ್ನು ತುಂಬಿದಳು. ನಾನು ಸಹಿ ಮಾಡುವಾಗ ಅವಳ ಕೈ ನನ್ನ ತೋಳಿನ ಮೇಲಿತ್ತು.

ಮೂರು ತಿಂಗಳಾದ ಮೇಲೆ ನನ್ನ ಪಾಲು ಬ್ಯಾಂಕಿಗೆ ಬಂತು. ಬಾಕಿಗೆ ಅದರಿಂದ ಒಂದು ಡಾಲರ್ ಕೊಡುತ್ತೇನೆಂದರೂ ಅವಳು ಕೇಳಲಿಲ್ಲ. ರಜೆಯ ದಿನಗಳಲ್ಲೂ ಲ್ಯಾಬಿಗೆ ಹೋಗಿ ವರ್ಷದೊಳಗೆ ತಾನೇ ತೀರಿಸಿದಳು. ನಾನು ಮಾಡಿದ್ದು ಇಷ್ಟೇ: ನೋವೈನ ಹೋಟೆಲಿನಲ್ಲಿ ಎರಡು ದಿನಕ್ಕೆ ರೂಮ್ ಬುಕ್ ಮಾಡಿದೆ. ಮಗಳನ್ನು ಅಲ್ಲಿ ನಮ್ಮ ಜೊತೆ ಉಳಿಸಿಕೊಳ್ಳಲು ಅವಳ ತಂದೆ ಒಪ್ಪಿದರು.

ಶನಿವಾರ ಬೆಳಿಗ್ಗೆ ಕೆಳಗಿನಿಂದ ಕಾಫಿ ತಂದು ಬಾಗಿಲು ತೆಗೆದಾಗ, ಮಗಳು ಮಂಚದ ತುದಿಯಲ್ಲಿ ಕೂತಿದ್ದಳು. ಹಿಂದೆ ಮಂಡಿಯೂರಿ ಇವಳು ಜಡೆ ಹಾಕುತ್ತಿದ್ದಳು.

"ಅಮ್ಮಾ, ಟೂ ಟೈಟ್."

"ಹೌದೇನವ್ವಾ? ತಡಿ."

ಅವಳು ಆತುರಪಡಲಿಲ್ಲ. ಜಡೆಯನ್ನು ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು.