ಇಪ್ಪತ್ತೆರಡು ಸರಪಳಿ ದೂರ

ಓಲ್ವಿನ್ ಮಥಾಯಸ್ ಅವರ ಜೊತೆ ಎಲ್ಲಿಗಾದರೂ ಹೊರಡುವವರು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡಿರಬೇಕು. ನೈರೋಬಿಯ ಲಂಗಾಟಾದಲ್ಲಿ ನಮ್ಮ ಎದುರು ಮನೆ ಅವರದು. ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಬಂದು, ತಿರುಗಿ ಹೋಗಿ ಮತ್ತೆ ಎಳೆದು ನೋಡುತ್ತಾರೆ. ಹೆಂಡತಿ ಎಮಿಲಿಯಾನಾ ಕಾರಿನಲ್ಲಿ ಕೂತು ಕೊಂಕಣಿಯಲ್ಲಿ ಬೈಯುತ್ತಾರೆ. ನಾನೂ ನಗುತ್ತಿದ್ದೆ. ಇಷ್ಟು ಪುಕ್ಕಲು ಗಂಡಸನ್ನು ಮೈಸೂರಿನಲ್ಲೂ ಕಂಡಿರಲಿಲ್ಲ, ನೈರೋಬಿಯಲ್ಲೂ ಕಂಡಿರಲಿಲ್ಲ.

ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದವರು ಮೂವತ್ತೈದು ವರ್ಷ ಒಂದು ಸರ್ವೆ ಕಂಪನಿಯಲ್ಲಿ ನಕ್ಷೆ ಬರೆದರು. ನಿವೃತ್ತಿಯಾದ ಮೇಲೆ ಹಳೆಯ ಕಾಗದ ಹಿಡಿದು ಕಳೆದುಹೋದ ಜಾಗಗಳನ್ನು ಹುಡುಕುವ ಹುಚ್ಚು ಹಿಡಿಯಿತು. ಬ್ರಿಟಿಷರ ಕಾಲದ ನಕ್ಷೆ, ಮೇಸ್ತ್ರಿಗಳ ಪುಸ್ತಕ ಎಲ್ಲವನ್ನೂ ನಕಲು ಮಾಡಿ ತಂದು ಊಟದ ಮೇಜಿನ ಮೇಲೆ ಹರಡುತ್ತಾರೆ. ಇಲ್ಲೊಂದು ಕುದುರೆ ಲಾಯವಿತ್ತು, ಅಲ್ಲೊಂದು ಅಂಗಡಿ ಸಾಲಿತ್ತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಹಾಕಿದ್ದನ್ನು ಮೂರು ಸಲ ಅಳಿಸುತ್ತಾರೆ.

ಕಳೆದ ವರ್ಷ ನಾನು ಕೆಲಸ ಮಾಡುವ ಸಂಸ್ಥೆ ರಿವರ್‌ಸೈಡ್ ಬಡಾವಣೆಯ ಕೆಳಗೆ, ಹೊಳೆಯ ಆಚೆ, ಹೆರಿಗೆ ಆಸ್ಪತ್ರೆ ಕಟ್ಟಲು ಹೊರಟಿತು. ನೂರು ವರ್ಷದ ಹಿಂದೆ ಆ ಸುತ್ತಿನಲ್ಲೊಂದು ಕಲ್ಲುಕೋರೆ ಇತ್ತು. ಅಲ್ಲಿ ದುಡಿದವರು ಇಂಡಿಯಾದಿಂದ ಬಂದ ಕೂಲಿಗಳು. ಸತ್ತವರನ್ನು ಹತ್ತಿರದಲ್ಲೇ ಹೂಳಿದ್ದರಂತೆ, ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಜಾಗದಲ್ಲಿ ಗೋರಿಗಳಿಲ್ಲ ಎಂದು ತಿಳಿದವರೊಬ್ಬರ ಪತ್ರ ಬೇಕಿತ್ತು. ನಾನು ಓಲ್ವಿನ್ ಅವರನ್ನು ಹಿಡಿದೆ.

ಕೋರೆಯ ಓವರ್‌ಸಿಯರನೊಬ್ಬನ ಪುಸ್ತಕ ಅವರಿಗೆ ಸಿಕ್ಕಿತು. ಬಾವಿಯಿಂದ ಕಲ್ಲುಸೇತುವೆಗೆ ನಾಲ್ಕು ಸರಪಳಿ. ಅದೇ ಗೆರೆಯಲ್ಲಿ ಮುಂದೆ ಹೋದರೆ, ಬಾವಿಯಿಂದ ಇಪ್ಪತ್ತೆರಡು ಸರಪಳಿಗೆ ಹೂಳುವ ಜಾಗ ಎಂದು ಬರೆದಿತ್ತು. ಬಾವಿ, ಸೇತುವೆ ಎರಡೂ ಈಗಲೂ ಇವೆ. ಸರಪಳಿ ಎಂದರೆ ಆಗ ನೆಲ ಅಳೆಯುತ್ತಿದ್ದ ಕಬ್ಬಿಣದ ಸರಪಳಿ, ಒಂದಕ್ಕೆ ಅರವತ್ತಾರು ಅಡಿ. ಆ ಲೆಕ್ಕದಲ್ಲಿ ಗೋರಿಗಳು ಈಗಿನ ಟಾರು ರಸ್ತೆಯ ಅಡಿಗೆ ಬಿದ್ದವು. ನಮ್ಮ ಜಾಗ ಅಲ್ಲಿಂದ ಎಷ್ಟೋ ಆಚೆ.

“ಒಂದು ಸಲ ಹೋಗಿ ಬಾವಿಯಿಂದ ಸೇತುವೆಗೆ ಟೇಪ್ ಹಿಡಿದು ನೋಡ್ಬೇಕು ಮಾರಾಯ್ತಿ,” ಎಂದರು.

“ಅಂಕಲ್, ಇನ್ನೆಷ್ಟು ಸಲ ಚೆಕ್ ಮಾಡ್ತೀರಾ? ಇದೇನು ನಿಮ್ಮನೆ ಬೀಗಾನಾ? ತಿಂಗಳ ಕೊನೆಗೆ ಡೋನರ್ಸ್ ಬರ್ತಿದಾರೆ. ಸೈನ್ ಮಾಡಿ, ಪ್ಲೀಸ್.”

ಎಮಿಲಿಯಾನಾ ನಕ್ಕರು. ಓಲ್ವಿನ್ ನಾಚಿಕೊಂಡು ಸಹಿ ಹಾಕಿದರು.

ಎರಡು ವಾರ ಬಿಟ್ಟು ಒಂದು ಗುರುವಾರ ಅಗೆತ ಶುರುವಾಯಿತು. ಶನಿವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಓಲ್ವಿನ್ ಬಾಗಿಲಲ್ಲಿ ನಿಂತಿದ್ದರು. ತುಟಿ ಒಣಗಿತ್ತು. ಹಿಂದೆ ಅವರ ಮನೆ ಬಾಗಿಲು ಹಾರುಹೊಡೆದಿತ್ತು.

“ಕುಮುದಾ, ಆ ಓವರ್‌ಸಿಯರ್ ಇಂಡಿಯಾದ ರೈಲ್ವೆಯಿಂದ ಬಂದವ. ನಿನ್ನೆ ಪುಸ್ತಕದ ಕೊನೆ ಪುಟ ಓದಿದೆ. ನಮ್ಮಲ್ಲಿ ರೈಲ್ವೆ ಕೆಲಸಕ್ಕೆ ನೂರಡಿ ಸರಪಳಿ ಇತ್ತು. ನಾನೇ ಕಲಿತದ್ದು. ಇಲ್ಲಿ ಇಷ್ಟು ವರ್ಷ ಅರವತ್ತಾರರದ್ದೇ ನೋಡಿ ನೋಡಿ ಮರ್ತೇ ಹೋಯ್ತು.”

“ಹಾಗಾದ್ರೆ?”

“ನೂರಾದ್ರೆ ಅದು ರಸ್ತೆ ಅಡಿಗಲ್ಲ. ನೀವು ತೋಡುವ ಗುಂಡಿ ಉಂಟಲ್ಲ, ಅಲ್ಲಿಗೇ ಬರ್ತದೆ.”

ಫೋರ್‌ಮನ್ ಮುಟಿಸೊಗೆ ಫೋನು ಮಾಡಿದೆ, ಎತ್ತಲಿಲ್ಲ. ಓಲ್ವಿನ್ ಅವರನ್ನು ಕೂರಿಸಿಕೊಂಡು ಕಾರು ತೆಗೆದೆ. ಲಂಗಾಟಾ ರಸ್ತೆಯಲ್ಲಿ ಮಟಾಟು ವ್ಯಾನುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿದ್ದವು. ಮತ್ತೆ ಮತ್ತೆ ಫೋನು ಮಾಡಿದೆ, ಬರೀ ರಿಂಗಾಯಿತು.

“ಒಂದು ಲಾರಿ ಮಣ್ಣು ತುಂಬ್ಲಿಕ್ಕೆ ಎಷ್ಟು ಹೊತ್ತು ಬೇಕು?”

“ಇಪ್ಪತ್ತು ನಿಮಿಷ ಇರ್ಬಹುದು, ಅಂಕಲ್.”

“ಹಾಗಾದ್ರೆ ನಾವು ಹೊರಟ ಮೇಲೆ ಎರಡು ಹೋಯ್ತು.”

ನಿಜ ಹೇಳುತ್ತೇನೆ, ಆಗ ನಾನು ಚಡಪಡಿಸುತ್ತಿದ್ದದ್ದು ಸತ್ತವರಿಗಾಗಿ ಅಲ್ಲ. ನಮ್ಮ ಡೈರೆಕ್ಟರಿಗೆ ಯಾವ ಮುಖ ಹೊತ್ತು ಹೇಳುವುದು ಎಂದು.

“ಅಂಕಲ್, ಮೊದ್ಲು ಟೇಪ್ ಹಿಡಿಯೋಣ. ನೂರೋ ಅರವತ್ತಾರೋ ಕನ್‌ಫರ್ಮ್ ಮಾಡ್ಕೊಂಡು ಆಮೇಲೆ ಕೆಲಸ ನಿಲ್ಸೋಣ. ಸುಮ್ನೆ ರಾದ್ಧಾಂತ ಯಾಕೆ?”

ಅಂದು ಟೇಪು ಬೇಡವೆಂದು ಗೇಲಿ ಮಾಡಿದ್ದವಳೂ ನಾನೇ. ಜಾಗ ತಲುಪಿದಾಗ ಓಲ್ವಿನ್ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು, ಅರವತ್ತೆಂಟು ವರ್ಷದ ಕಾಲುಗಳಲ್ಲಿ ಆ ಇಳಿಜಾರನ್ನು ಓಡಿ, ಅಗೆಯುವ ಯಂತ್ರದ ಮುಂದೆ ಎರಡೂ ಕೈ ಎತ್ತಿ ನಿಂತರು.

“ಸಿಮಾಮಾ! ಸಿಮಾಮಾ!”

ನಿಲ್ಲಿಸು ಎಂದು ಸ್ವಾಹಿಲಿಯಲ್ಲಿ ಅವರು ಕೂಗಿದ್ದು ಗೇಟಿನವರೆಗೂ ಕೇಳಿತು. ಕಬ್ಬಿಣದ ಬಕೆಟ್ಟು ಅವರ ತಲೆಯ ಮೇಲೆ ಬಂದು ನಿಂತಿತು. ಡ್ರೈವರ್ ಬೈದ. ಅವರು ಕದಲಲಿಲ್ಲ. ನಾನು ಬೇಲಿ ಹಿಡಿದು ನಿಂತುಬಿಟ್ಟೆ.

ಮುಟಿಸೊ ಓಡಿ ಬಂದ. ಗೋರಿಯ ಮಾತು ಕೇಳಿದ್ದೇ ಅವನ ಮುಖ ಇಳಿದುಹೋಯಿತು. ಶೆಡ್ಡಿಗೆ ಹೋಗಿ ಒಂದು ಹೆಲ್ಮೆಟ್ಟನ್ನು ಬಟ್ಟಲಿನಂತೆ ಹಿಡಿದು ತಂದ. ಒಳಗೆ ಕೆಂಪು ಮಣ್ಣು, ಹಸಿರು ಗಾಜಿನ ಬಳೆಚೂರು.

“ನಿನ್ನೆ ಸಿಕ್ಕಿತು, ಮ್ಝೇ,” ಎಂದ ಹಿರಿಯರಿಗೆ ಹೇಳುವ ಹಾಗೆ. “ಹಳೇ ಕಸ ಅಂದ್ಕೊಂಡೆ.”

ಒಂದು ಬಳೆ ಮಾತ್ರ ಮುರಿದಿರಲಿಲ್ಲ. ನನ್ನ ಮೂರು ಬೆರಳು ಹಿಡಿಸದಷ್ಟು ಚಿಕ್ಕದು. ಓಲ್ವಿನ್ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತರು.

ಆಮೇಲೆ ಟೇಪೂ ಹಿಡಿದೆವು. ಬಾವಿಯಿಂದ ಸೇತುವೆಯ ಮೊದಲ ಕಲ್ಲಿಗೆ ಸರಿಯಾಗಿ ನಾನೂರು ಅಡಿ, ನೂರರ ನಾಲ್ಕು ಸರಪಳಿ. ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ.

ಕೆಲಸ ನಿಂತಿತು. ಆಸ್ಪತ್ರೆಯನ್ನು ಜಾಗದ ಇನ್ನೊಂದು ಮೂಲೆಗೆ ಸರಿಸಿದರು. ಲಾರಿಗಳಲ್ಲಿ ಹೋದ ಮಣ್ಣು ಕರೆನ್ ಕಡೆ ಯಾರದೋ ತೋಟ ತುಂಬಿಸಿತ್ತು, ಅದನ್ನು ತರಲಾಗಲಿಲ್ಲ. ಬುಧವಾರ ಆಫೀಸಿನಲ್ಲಿ ಮೀಟಿಂಗ್ ಕರೆದರು, ತಪ್ಪು ಪತ್ರ ಕೊಟ್ಟಿದ್ದು ಹೇಗೆ ಎಂದು ವಿಚಾರಿಸಲು. ನಾನು ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಓಲ್ವಿನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಹೊಸ ಪತ್ರವೊಂದನ್ನು ಮೇಜಿನ ಮೇಲಿಟ್ಟರು. ಡೈರೆಕ್ಟರು ಗಟ್ಟಿಯಾಗಿ ಓದಿದರು. “ಅಳತೆಯಲ್ಲಿ ತಪ್ಪಿದವನು ನಾನು. ಸ್ಥಳಕ್ಕೆ ಹೋಗಿ ನೋಡದೆ ಸಹಿ ಮಾಡಿದವನೂ ನಾನು.”

ನನ್ನ ಹೆಸರು ಬರುವ ಮುಂದಿನ ಸಾಲಿಗೆ ಕಾದೆ. ಇರಲಿಲ್ಲ. ಓಲ್ವಿನ್ ನನ್ನ ಕಡೆ ನೋಡಲೂ ಇಲ್ಲ.

“ಕುಮುದಾ, ನೀವು ಏನಾದರೂ ಸೇರಿಸುವುದಿದೆಯೇ?” ಎಂದು ಡೈರೆಕ್ಟರು ಕೇಳಿದರು.

ಇಲ್ಲ ಎಂದೆ.